ನಾಲಗೆಯ ತೊಡಕು, ಲೇಖನಿಯ ಹೊಣೆ

ಶರನ್ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಪೀಠದ ಮೇಲಿರಿಸಿ ಶಾರದೆಯನ್ನು ಆವಾಹಿಸಿ, ಶ್ರವಣದಂದು ವಿಸರ್ಜಿಸುವ ಪದ್ಧತಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಆ ನಡುವಣ ದಿನಗಳಲ್ಲಿ ಪುಸ್ತಕವನ್ನು ತೆರೆಯುವಂತಿಲ್ಲ. ಆದರೆ ಸ್ತೋತ್ರ ನಿಲ್ಲುವುದಿಲ್ಲ, ಆರತಿಯ ಹಾಡು ನಿಲ್ಲುವುದಿಲ್ಲ. ಅವು ಬಾಯಿಂದ ಬಾಯಿಗೆ ಸಾಗುತ್ತಲೇ ಇರುತ್ತವೆ. ವಾಗ್ದೇವಿಗೆ ಪುಸ್ತಕ ಒಂದು ನೆಲೆಯಾದರೆ ನಾಲಗೆ ಅದಕ್ಕಿಂತಲೂ ಹಳೆಯ ನೆಲೆ. ನಾಲಗೆಯಲ್ಲಿದ್ದುದನ್ನು ಪುಸ್ತಕಕ್ಕೆ ತರುವಾಗ ಏನು ಉಳಿಯುತ್ತದೆ, ಏನು ಕಳೆಯುತ್ತದೆ ಎಂಬ ವಿಚಾರ ಈ ಪುಟಗಳಿಗೆ ಅಪ್ರಸ್ತುತವಾಗಲಾರದು.

ನಾಲಗೆ ತಪ್ಪುತ್ತದೆ ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಕುಂಭಕರ್ಣನು ಬ್ರಹ್ಮನಿಂದ ವರವನ್ನು ಬೇಡುವ ಸಮಯದಲ್ಲಿ ಸರಸ್ವತಿಯೇ ಅವನ ಬಾಯನ್ನು ಹೊಕ್ಕು ನಿದ್ರೆಯನ್ನು ಬೇಡುವಂತೆ ಮಾಡಿದಳೆಂದು ರಾಮಾಯಣದ ಉತ್ತರಕಾಂಡ ಹೇಳುತ್ತದೆ. ಅವನು ಕೇಳಬೇಕೆಂದಿದ್ದುದು ‘ಇಂದ್ರಾಸನ’, ಬಾಯಿಂದ ಬಂದುದು ‘ನಿದ್ರಾಸನ’ ಎಂದು ಜನರ ಬಾಯಲ್ಲಿ ಆ ಕಥೆ ಇನ್ನಷ್ಟು ಬೆಳೆದಿದೆ. ದೇವೀಕವಚವನ್ನು ಪಠಿಸುವವರ ನಡುವೆಯೂ ಇಂತಹದೊಂದು ವಿನೋದ ಪ್ರಸಿದ್ಧವಾಗಿದೆ. ಭಾರ್ಯೆಯನ್ನು ಭೈರವಿಯು ರಕ್ಷಿಸಲಿ ಎಂಬ ಪ್ರಾರ್ಥನೆಯ ‘ರಕ್ಷತು’ ಎಂಬ ಪದವನ್ನು ಒಬ್ಬನು ‘ಭಕ್ಷತು’ ಎಂದು ಓದಿದನಂತೆ! ಪರಿಣಾಮವನ್ನು ಊಹಿಸಿ ನಗುವುದು ಸುಲಭ. ಆದರೆ ಈ ತಪ್ಪು ಎಷ್ಟು ಸಹಜವಾದುದೆಂಬುದನ್ನು ಗಮನಿಸಬೇಕು. ಹಿಂದಿನ ಪದ ಭಕಾರದಿಂದ ಆರಂಭವಾಗುತ್ತದೆ, ಮುಂದಿನ ಪದವೂ ಭಕಾರದಿಂದಲೇ ಆರಂಭವಾಗುತ್ತದೆ. ನಡುವೆ ಸಿಕ್ಕಿದ ರೇಫವನ್ನು ಎರಡು ಭಕಾರಗಳು ತಮ್ಮ ಕಡೆಗೆ ಸೆಳೆದುಕೊಂಡಿವೆ. ಇದರಲ್ಲಿ ಓದುಗನ ಭಕ್ತಿಗೆ ಯಾವ ಕೊರತೆಯೂ ಇಲ್ಲ.

ಪತಂಜಲಿಯ ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಬರುವ ಎರಡು ನಿದರ್ಶನಗಳು ಇನ್ನೂ ಗಂಭೀರವಾದವು. ಅಸುರರು ‘ಹೇ ಅರಯಃ’, ಎಂದರೆ ‘ಎಲೈ ಶತ್ರುಗಳಿರಾ’ ಎನ್ನುವ ಬದಲು ರೇಫವನ್ನು ಲಕಾರ ಮಾಡಿ ‘ಹೇಲಯಃ’ ಎಂದು ಕೂಗಿ ಪರಾಭವಗೊಂಡರು. ಎರಡನೆಯದು ತ್ವಷ್ಟೃವಿನ ಯಜ್ಞ. ಮಗನಾದ ವಿಶ್ವರೂಪನನ್ನು ಇಂದ್ರನು ಕೊಂದುದರಿಂದ ಕುಪಿತನಾದ ತ್ವಷ್ಟೃ ಇಂದ್ರನನ್ನು ಕೊಲ್ಲಬಲ್ಲವನು ಹುಟ್ಟಲೆಂದು ಹೋಮ ಮಾಡಿದನು. ‘ಇಂದ್ರಶತ್ರು’ ಎಂಬ ಪದದ ಕೊನೆಯಲ್ಲಿ ಉದಾತ್ತಸ್ವರವಿದ್ದರೆ ಇಂದ್ರನನ್ನು ಕೊಲ್ಲುವವನು ಎಂದರ್ಥ. ಮೊದಲಲ್ಲಿದ್ದರೆ ಇಂದ್ರನಿಂದ ಕೊಲ್ಲಲ್ಪಡುವವನು ಎಂದರ್ಥ. ಸ್ವರ ಸ್ಥಾನ ತಪ್ಪಿತು. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲಿ ಮಡಿದನು.

ಈ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಅಸುರರ ತಪ್ಪನ್ನು ಬರೆದು ತೋರಿಸಬಹುದು. ತ್ವಷ್ಟೃವಿನ ತಪ್ಪನ್ನು ಸಾಮಾನ್ಯ ಲಿಪಿಯಲ್ಲಿ ಬರೆದರೆ ಅದು ಕಾಣುವುದೇ ಇಲ್ಲ. ಸರಿಯಾದ ಮಂತ್ರಕ್ಕೂ ತಪ್ಪಿದ ಮಂತ್ರಕ್ಕೂ ಅಕ್ಷರಗಳು ಒಂದೇ. ಆಡಿದ ಮಾತಿನಲ್ಲಿ ಏರಿಳಿತವಿದೆ, ವಿರಾಮವಿದೆ, ಒತ್ತು ಇದೆ, ವ್ಯಂಗ್ಯವಿದೆ; ಅಕ್ಷರವು ಇವುಗಳಲ್ಲಿ ಬಹುಪಾಲನ್ನು ಹೊರಗೆ ಬಿಟ್ಟೇ ಒಳಗೆ ಬರುತ್ತದೆ. ಪಾಣಿನೀಯ ಶಿಕ್ಷೆಯು ಅಧಮಪಾಠಕರು ಆರು ಬಗೆಯವರೆಂದು ಹೇಳುತ್ತದೆ: ರಾಗವೆಳೆದು ಹಾಡುವವನು, ಅವಸರದಿಂದ ಓದುವವನು, ತಲೆಯಾಡಿಸುವವನು, ಅರ್ಥವರಿಯದವನು, ಕ್ಷೀಣಕಂಠದವನು, ಇವರ ಜೊತೆಗೆ ಬರೆದುದನ್ನು ನೋಡಿ ಓದುವವನು! ಇಂದಿನವರಿಗೆ ಇದು ವಿಚಿತ್ರವೆನಿಸೀತು. ಆದರೆ ವೈದಿಕರು ಬರಹವನ್ನು ನೆಚ್ಚದೆ ಬೇರೊಂದು ಕಾವಲನ್ನು ಕಟ್ಟಿಕೊಂಡಿದ್ದರು. ಪದಗಳನ್ನು ಬಿಡಿಬಿಡಿಯಾಗಿ ಹೇಳುವುದು ಪದಪಾಠ. ಒಂದು-ಎರಡು, ಎರಡು-ಮೂರು ಎಂದು ಜೋಡಿಸುತ್ತ ಹೋಗುವುದು ಕ್ರಮಪಾಠ. ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹೆಣೆಯುವುದು ಜಟಾಪಾಠ. ಅದಕ್ಕೂ ಮಿಗಿಲಾದುದು ಘನಪಾಠ. ಹಿಂದುಮುಂದಾಗಿ ಹೇಳುವಾಗ ಪದದ ನಿಜವಾದ ಎಲ್ಲೆ ಬಯಲಾಗುತ್ತದೆ. ಒಂದು ಪಾಠದಲ್ಲಿ ನುಸುಳಿದ ತಪ್ಪು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ.

ಪಾಶ್ಚಾತ್ಯ ವಿದ್ವಾಂಸರೂ ಈ ವಿಷಯವನ್ನು ಕೈಗೆತ್ತಿಕೊಂಡಿದ್ದಾರೆ. ವಿಯೆನ್ನಾದ ರುಡಾಲ್ಫ್ ಮೇರಿಂಗರ್ ತನ್ನ ಸುತ್ತಲಿನವರ ಬಾಯ್ತಪ್ಪುಗಳನ್ನು ಕೇಳಿದಾಗಲೇ ಗುರುತುಹಾಕಿಕೊಂಡು, ಕಾರ್ಲ್ ಮೇಯರ್ ಜೊತೆಗೂಡಿ ೧೮೯೫ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅವನು ಕಂಡುಕೊಂಡುದೇನೆಂದರೆ, ತಪ್ಪುಗಳಿಗೂ ಕ್ರಮವಿದೆ. ಪದದ ಮೊದಲ ಧ್ವನಿ ಇನ್ನೊಂದು ಪದದ ಮೊದಲ ಧ್ವನಿಯೊಡನೆ ಸ್ಥಾನ ಬದಲಿಸುತ್ತದೆಯೇ ಹೊರತು ಎಲ್ಲೆಂದರಲ್ಲಿ ಹೋಗಿ ಬೀಳುವುದಿಲ್ಲ. ನಮ್ಮ ಪೂಜೆಯ ಗಡಿಬಿಡಿಯಲ್ಲಿ ‘ತೆಂಗಿನಕಾಯಿ, ಬಾಳೆಹಣ್ಣು ತನ್ನಿ’ ಎನ್ನಹೋಗಿ ‘ಬಾಳೆಕಾಯಿ, ತೆಂಗಿನಹಣ್ಣು ತನ್ನಿ’ ಎಂದರೆ ನಗದವರಿಲ್ಲ. ಇಲ್ಲಿ ಪದಗಳು ಅದಲುಬದಲಾದರೂ ‘ತೆಂಗು’ ತನ್ನ ಷಷ್ಠೀ ವಿಭಕ್ತಿಯನ್ನು ಕೈಬಿಡಲಿಲ್ಲ, ‘ಬಾಳೆ’ ಹೊಸ ವಿಭಕ್ತಿಯನ್ನು ಹಚ್ಚಿಕೊಳ್ಳಲಿಲ್ಲ. ನಾಲಗೆ ತಪ್ಪಿದರೂ ವ್ಯಾಕರಣ ತಪ್ಪಲಿಲ್ಲ. ಆದುದರಿಂದಲೇ ಕೇಳುವವರು ತಾವೇ ತಿದ್ದಿಕೊಂಡು ತೆಂಗಿನಕಾಯಿಯನ್ನೂ ಬಾಳೆಹಣ್ಣನ್ನೂ ತಂದುಕೊಡುತ್ತಾರೆ. ಬಾಯ ತಪ್ಪು ಮುಂದಿನ ಉಸಿರಿನಲ್ಲಿ ಅಳಿಯುತ್ತದೆ. ಅದನ್ನು ಬರೆದಿಟ್ಟರೆ ಮಾತ್ರ ಅದು ಪಾಠವಾಗುತ್ತದೆ.

ವೇದಕ್ಕಿದ್ದ ಕಾವಲು ಕನ್ನಡದ ಭಕ್ತಿವಾಙ್ಮಯಕ್ಕೆ ಇರಲಿಲ್ಲ. ವಚನವೆಂದರೆ ಹೆಸರೇ ಹೇಳುವಂತೆ ಆಡಿದ ಮಾತು. ಹನ್ನೆರಡನೆಯ ಶತಮಾನದ ಶರಣರ ನುಡಿಗಳನ್ನು ಕಲೆಹಾಕಿ ಜೋಡಿಸುವ ದೊಡ್ಡ ಕೆಲಸ ನಡೆದುದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ. ತಾಡವಾಲೆಗಳಲ್ಲಿ ಪದಪದಗಳ ನಡುವೆ ತೆರಪು ಬಿಡುವ ರೂಢಿಯಿರಲಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಹಳೆಯ ಲಿಪಿಕಾರರು ಎಲ್ಲೆಡೆಯೂ ಬೇರ್ಪಡಿಸುತ್ತಿರಲಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಯ ಕಟ್ಟುಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಾಗ ಎಂಥ ಕಾಡಿನಲ್ಲಿ ದಾರಿ ಮಾಡಿಕೊಂಡಿರಬೇಕೆಂಬುದನ್ನು ಇದರಿಂದ ಊಹಿಸಬಹುದು.

ಹರಿದಾಸರ ಪದಗಳ ಕಥೆಯೂ ಇದೇ. ಅಲ್ಲಿ ತಾಳವೂ ಸೇರಿಕೊಂಡು ಪದವನ್ನು ಒಡೆಯುತ್ತದೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂಬ ಪದವನ್ನು ನಾವೆಲ್ಲರೂ ಹಾಡುವವರೇ. ಅದರ ಪಲ್ಲವಿಯಲ್ಲಿ ‘ಸೌಭಾಗ್ಯದ’ ಎಂಬ ಪದ ಬರುವಾಗ ‘ಸೌ’ ಒಂದು ಕಡೆ ಎಳೆದು ನಿಂತು, ‘ಭಾಗ್ಯದ’ ಮತ್ತೆ ಮೊದಲಿಗೆ ಹೋಗಿ ಸೇರುತ್ತದೆ. ಕಿವಿಯನ್ನಷ್ಟೇ ನಂಬಿ ಬರೆಯುವ ಮಗು ‘ನೀಸೌ’ ಎಂಬ ಹೊಸ ಪದವನ್ನು ಸೃಷ್ಟಿಸಿದರೆ ಮಗುವಿನದೇನೂ ತಪ್ಪಿಲ್ಲ.

ಬರೆದುಕೊಳ್ಳುವವನ ಧರ್ಮವೇನೆಂಬುದಕ್ಕೆ ವ್ಯಾಸಗಣಪತಿಯರ ಕಥೆಗಿಂತ ಉತ್ತಮವಾದ ಪಾಠ ನನಗೆ ತೋರದು. ನನ್ನ ಲೇಖನಿ ನಿಲ್ಲಬಾರದೆಂದು ಗಣಪತಿ ಕರಾರು ಹಾಕಿದನು. ಅರ್ಥವಾಗದೆ ಒಂದಕ್ಷರವನ್ನೂ ಬರೆಯಬಾರದೆಂದು ವ್ಯಾಸರು ಮರುಕರಾರು ಹಾಕಿದರು. ವೇಗವಾಗಿ ಬರೆಯುವವನು ತನಗೆ ಪರಿಚಿತವಾದುದನ್ನು ಬರೆಯುತ್ತಾನೆ, ಕೇಳಿದುದನ್ನಲ್ಲ. ಸ್ವಾರಸ್ಯವೆಂದರೆ, ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ ಈ ಕಥೆಗೆ ಮೂಲಪಾಠದಲ್ಲಿ ಸ್ಥಾನವಿಲ್ಲ. ಅನೇಕ ಲಿಪಿಗಳ ಹಸ್ತಪ್ರತಿಗಳನ್ನು ಹೋಲಿಸಿದಾಗ ಇದು ಅನಂತರ ಸೇರಿದುದೆಂದು ನಿರ್ಣಯಿಸಿ ಅನುಬಂಧದಲ್ಲಿ ಇಟ್ಟಿದ್ದಾರೆ. ಕಥೆಯನ್ನು ಅವರು ಎಸೆಯಲಿಲ್ಲ ಎಂಬುದನ್ನೂ ಗಮನಿಸಬೇಕು. ಮೂಲದಲ್ಲಿಲ್ಲದುದು ಎಲ್ಲಿದೆ, ಯಾವ ಪ್ರತಿಗಳಲ್ಲಿದೆ ಎಂಬುದನ್ನು ಹೇಳಿಯೇ ಬದಿಗಿಟ್ಟರು.

ಈಗ ನಮ್ಮ ಮನೆಗಳ ವಿಚಾರ. ಮಹಾನಗರಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಗೌರೀಪೂಜೆಯ, ಹಸೆಗೆ ಕರೆಯುವ, ತೊಟ್ಟಿಲು ತೂಗುವ ಹಾಡುಗಳು ಅಜ್ಜಿಯೊಬ್ಬರ ಕಂಠದಲ್ಲಿ ಮಾತ್ರ ಉಳಿದಿರುವುದುಂಟು. ಮೊಮ್ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಶಾಲೆಯಲ್ಲಿ ಕಲಿತ ಲಿಪಿಯಲ್ಲಿ ಅವರು ಹಾಡನ್ನು ಬರೆದುಕೊಳ್ಳುತ್ತಾರೆ. ಅವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಮುಂಬಯಿ, ಪುಣೆ, ದೆಹಲಿಗಳಲ್ಲಿ ಬಳಕೆಯಲ್ಲಿರುವ ನಾಗರಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ. ‘ಕೊಡು’ ಎಂಬುದೂ ‘ಕೋಡು’ ಎಂಬುದೂ ಅಲ್ಲಿ ಒಂದೇ. ‘ತೆರು’ವುದೂ ‘ತೇರು’ ಎಳೆಯುವುದೂ ಒಂದೇ. ‘ಬೆರೆ’ತವರೂ ‘ಬೇರೆ’ಯವರೂ ಒಂದೇ. ಮರಾಠಿಯಲ್ಲಿ ಳಕಾರವಾದರೂ ಉಂಟು. ಹಿಂದಿಯ ಅಭ್ಯಾಸದಲ್ಲಿ ಅದೂ ಹೋಗಿ ‘ಹಳ್ಳಿ’ ‘ಹಲ್ಲಿ’ಯಾಗುತ್ತದೆ, ‘ಮಳೆ’ ‘ಮಲೆ’ಯಾಗುತ್ತದೆ. ಚೆನ್ನೈಯ ಮಕ್ಕಳ ತೊಡಕು ಇನ್ನೊಂದು ಬಗೆಯದು. ತಮಿಳು ಲಿಪಿಯಲ್ಲಿ ಹ್ರಸ್ವದೀರ್ಘಗಳು ಸರಿಯಾಗಿವೆ. ಆದರೆ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದುದರಿಂದ ನಾವು ನಮಸ್ಕರಿಸುವ ‘ಗುರು’ವೂ ಮೈಮೇಲೆ ಏಳುವ ‘ಕುರು’ವೂ ಒಂದೇ ರೂಪದಲ್ಲಿ ಕುಳಿತಿರುತ್ತವೆ! ಹೈದರಾಬಾದಿನವರು ಮಾತ್ರ ಭಾಗ್ಯವಂತರು. ತೆಲುಗು ಲಿಪಿಯಲ್ಲಿ ಕನ್ನಡಕ್ಕೆ ಬೇಕಾದ ಅಕ್ಷರಗಳೆಲ್ಲವೂ ಇವೆ. ಅಜ್ಜಿ ಇರುವವರೆಗೆ ಈ ಬರಹಗಳು ನೆನಪಿಗೆ ಊರುಗೋಲಾಗಿ ಸಾಕು. ಅವರ ಕಾಲಾನಂತರ ಆ ಕಾಗದವನ್ನೇ ಮೂಲವೆಂದು ಓದಬೇಕಾದಾಗ ‘ಕೊಡು ತಾಯೆ’ ಎಂಬ ಬೇಡಿಕೆ ಯಾವ ಕೋಡಾಗುವುದೋ ಹೇಳಬರುವಂತಿಲ್ಲ. ಮನೆಯಲ್ಲಿ ಕನ್ನಡಾಕ್ಷರ ಬಲ್ಲವರು ಒಬ್ಬರಾದರೂ ಇರುವಾಗಲೇ ಆ ಹಾಡುಗಳನ್ನು ಕನ್ನಡ ಲಿಪಿಗೆ ಇಳಿಸಿಡುವುದು ಅಗತ್ಯ.

ಹಾಗೆ ಬರೆಯುವವರಿಗೆ ಎದುರಾಗುವ ದೊಡ್ಡ ಪ್ರಲೋಭನೆ ತಿದ್ದುವುದು. ನಾಲಗೆಯ ತಪ್ಪು ಬೇರೆ, ಪ್ರಾಂತ್ಯದ ನುಡಿ ಬೇರೆ. ಧಾರವಾಡದ ಕಡೆಯ ಅಜ್ಜಿ ‘ಬರತೈತಿ’ ಎಂದರೆ ಅದು ಅವರ ಊರಿನ ಸರಿಯಾದ ಕನ್ನಡ. ಅದನ್ನು ‘ಬರುತ್ತದೆ’ ಎಂದು ಮಾಡಿದರೆ ಹಾಡಿನ ಗತಿಯೂ ಕೆಡುತ್ತದೆ, ಊರಿನ ಗುರುತೂ ಅಳಿಯುತ್ತದೆ. ಹಳೆಯ ಮೈಸೂರಿನ ಕೆಲವು ಕಡೆ ಹಕಾರ ಲೋಪವಾಗಿ ‘ಹಾಲು’ ‘ಆಲು’ ಆಗುತ್ತದೆ, ‘ಹಕ್ಕಿ’ ‘ಅಕ್ಕಿ’ಯಾಗುತ್ತದೆ. ಇಲ್ಲಿ ಹಾಡಿದ್ದು ಹೀಗೆಂದು ಬರೆದು, ಅರ್ಥವನ್ನು ಪಕ್ಕದಲ್ಲಿ ಕೊಡುವುದೇ ನ್ಯಾಯ. ಅದೇ ಅಜ್ಜಿ ಒಂದು ಸಲ ‘ಗೌರಿ’ ಎಂದಲ್ಲಿ ಇನ್ನೊಂದು ಸಲ ‘ಲಕ್ಷ್ಮಿ’ ಎಂದರೆ ಯಾವುದು ತಪ್ಪೆಂದು ನಿರ್ಣಯಿಸಲು ನಾವು ಯಾರು? ಪೂಜೆಗೆ ತಕ್ಕಂತೆ ಹೆಸರನ್ನು ಬದಲಿಸಿ ಹಾಡುವ ರೂಢಿಯೂ ಇದ್ದೀತು. ಮರುದಿನ ಮತ್ತೊಮ್ಮೆ ಹಾಡಿಸಿದರೆ ಬಾಯ್ತಪ್ಪು ಸಾಮಾನ್ಯವಾಗಿ ಮರುಕಳಿಸುವುದಿಲ್ಲ, ರೂಢಿಯಾದರೆ ಮರುಕಳಿಸುತ್ತದೆ. ಹಾಡಿಸಬೇಕು, ಹೇಳಿಸಬಾರದು. ರಾಗವಿಲ್ಲದೆ ಬರಿಯ ಮಾತಿನಲ್ಲಿ ಹೇಳೆಂದರೆ ಅನೇಕರಿಗೆ ಎರಡನೆಯ ನುಡಿಯೇ ನೆನಪಾಗದು.

ಒಂದು ಕಾಲದಲ್ಲಿ ಕ್ಯಾಸೆಟ್ಟುಗಳಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಇಂದು ಕೈಯಲ್ಲಿರುವ ಮೊಬೈಲೇ ಸಾಕು. ಮಾತನ್ನು ಅಕ್ಷರಕ್ಕಿಳಿಸುವ ಯಂತ್ರಗಳೂ ಬಂದಿವೆ. ಅವು ಗಣಪತಿಯ ವೇಗವನ್ನು ಪಡೆದಿವೆ, ವ್ಯಾಸರ ಕರಾರನ್ನು ಒಪ್ಪಿಕೊಂಡಿಲ್ಲ. ಹಾಡಿನ ಹಳೆಯ ಪದ ಬಂದಲ್ಲಿ ತಾವು ಬಲ್ಲ ಹೊಸ ಪದವನ್ನು ಕೂರಿಸಿ ಮುಂದೆ ಸಾಗಿಬಿಡುತ್ತವೆ. ಧ್ವನಿಯನ್ನು ಹಾಗೆಯೇ ಉಳಿಸಿಟ್ಟುಕೊಂಡು, ಬರಹವನ್ನು ಮನುಷ್ಯರೇ ಅದರೊಡನೆ ಹೋಲಿಸಿ ನೋಡುವುದು ಕ್ಷೇಮ.

ಎಷ್ಟು ಸಲ ಕೇಳಿದರೂ ಬಿಡಿಸಲಾಗದ ಪದ ಕೆಲವು ಉಳಿಯುತ್ತವೆ. ಹಾಡುವವರಿಗೇ ಅದರ ಅರ್ಥ ತಿಳಿದಿರುವುದಿಲ್ಲ. ‘ನಮ್ಮ ಅತ್ತೆಯವರು ಹೀಗೇ ಅನ್ನುತ್ತಿದ್ದರು’ ಎನ್ನುತ್ತಾರೆ. ಅಲ್ಲಿ ಒಂದು ಗೆರೆ ಎಳೆದು, ಕಿವಿಗೆ ಬಿದ್ದಂತೆಯೇ ಬರೆದು, ಹಾಡಿದವರ ಊರನ್ನೂ ದಿನಾಂಕವನ್ನೂ ಅಂಚಿನಲ್ಲಿ ಕಾಣಿಸಿದರೆ ಸಾಕು. ಅದೇ ಹಾಡನ್ನು ಬಲ್ಲ ಅವರ ತಂಗಿಯೋ ನಾದಿನಿಯೋ ಗದಗಿನಲ್ಲೋ ಹಾಸನದಲ್ಲೋ ಇದ್ದಾರು. ದೀಪಾವಳಿಗೆ ಊರಿಗೆ ಹೋದಾಗ ಆ ಗೆರೆಯನ್ನು ತೋರಿಸಿ ಕೇಳಬಹುದು.