ಮಾಸ್ಟರ್ ಗಡಿಯಾರ, ಸ್ಲೇವ್ ಗಡಿಯಾರ: ಒಂದು ಪರಿಚಯ

ರಾಬರ್ಟ್‌ಸನ್‌ಪೇಟೆಯ ನಮ್ಮ ಚಾಚಾ ಅವರ ಗುಜರಿ ಅಂಗಡಿಗೆ ಕಳೆದ ವರ್ಷ ಒಂದು ದೊಡ್ಡ ಗೋಡೆ ಗಡಿಯಾರ ಬಂತು. ಅದಕ್ಕೆ ಕೀಲಿ ಕೊಡುವ ತೂತಿಲ್ಲ, ಸೆಲ್ ಹಾಕುವ ಜಾಗವೂ ಇಲ್ಲ. ಹಿಂಬದಿಯಲ್ಲಿ ಒಂದು ತಾಮ್ರದ ಸುರುಳಿ, ಒಂದು ಹಲ್ಲಿನ ಚಕ್ರ, ಎರಡು ತಂತಿ ಅಷ್ಟೇ. "ಕೆಟ್ಟಿದೆ, ತೂಕಕ್ಕೆ ಹಾಕು" ಎಂದರು ಚಾಚಾ. ಅದು ಕೆಟ್ಟಿರಲಿಲ್ಲ. ಅದು ಸ್ಲೇವ್ ಗಡಿಯಾರ.

ಹಾಗೆಂದರೇನು?

ಕಾರ್ಖಾನೆ, ರೈಲ್ವೆ ನಿಲ್ದಾಣ, ದೊಡ್ಡ ಕಚೇರಿಗಳಲ್ಲಿ ಎಲ್ಲ ಗಡಿಯಾರಗಳೂ ಒಂದೇ ಸಮಯ ತೋರಿಸಬೇಕು. ಇಲ್ಲದಿದ್ದರೆ ಪಾಳಿ ಮುಗಿಯಿತೋ ಇಲ್ಲವೋ ಎಂದು ಜಗಳವಾಗುತ್ತದೆ. ಅದಕ್ಕಾಗಿ ಲೋಲಕವಿರುವ ಒಂದು ನಿಖರವಾದ ಮಾಸ್ಟರ್ ಗಡಿಯಾರ ಇಟ್ಟು, ಉಳಿದವನ್ನು ತಂತಿಯಿಂದ ಅದಕ್ಕೆ ಜೋಡಿಸುತ್ತಿದ್ದರು. ಇಂಗ್ಲೆಂಡಿನ ಫ್ರಾಂಕ್ ಹೋಪ್-ಜೋನ್ಸ್ ಬೆಳೆಸಿದ 'ಸಿಂಕ್ರೊನೋಮ್' ಇವುಗಳಲ್ಲಿ ಹೆಸರುವಾಸಿ.

ಕೆಲಸ ಮಾಡುವ ಬಗೆ

ಸಿಂಕ್ರೊನೋಮ್‌ನ ಲೋಲಕ ಪ್ರತಿ 2 ಸೆಕೆಂಡಿಗೆ 15 ಹಲ್ಲಿನ ಚಕ್ರವನ್ನು ಒಂದು ಹಲ್ಲು ಸರಿಸುತ್ತದೆ. 30 ಸೆಕೆಂಡಿಗೆ ಒಂದು ಸುತ್ತು. ಆಗ ಒಂದು ಭಾರದ ತೋಳು ಬಿದ್ದು ಲೋಲಕವನ್ನು ಮೆಲ್ಲನೆ ತಳ್ಳುತ್ತದೆ. ಆ ತೋಳನ್ನು ಮೇಲೆತ್ತುವ ವಿದ್ಯುತ್ತೇ ಎಲ್ಲ ಸ್ಲೇವ್‌ಗಳ ಸುರುಳಿಯಲ್ಲೂ ಹರಿದು ಮುಳ್ಳನ್ನು ಅರ್ಧ ನಿಮಿಷ ಮುಂದೂಡುತ್ತದೆ. ನಮ್ಮ ಗಡಿಯಾರದ ಚಕ್ರದಲ್ಲಿ ಎಣಿಸಿದೆ: 120 ಹಲ್ಲು. 120 ಅರ್ಧ ನಿಮಿಷ ಎಂದರೆ ಒಂದು ಗಂಟೆ!

ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಪ್ರಧಾನ ಕಚೇರಿ ಮತ್ತು ಶಾಖೆಯ ಸಂಬಂಧದಂತೆ. ಆದರೆ ಎಲ್ಲವೂ ಸರಣಿಯಲ್ಲಿವೆ. ಒಂದು ಶಾಖೆಯ ತಂತಿ ಕಡಿದರೆ ಪ್ರಧಾನ ಕಚೇರಿಯೂ ನಿಲ್ಲುತ್ತದೆ.

ದುರಸ್ತಿಗೆ ಮುನ್ನ

1. ಮನೆಯ 230 ವೋಲ್ಟ್ ಪ್ಲಗ್ಗಿಗೆ ಎಂದೂ ಜೋಡಿಸಬೇಡಿ, ಸುರುಳಿ ಸುಟ್ಟುಹೋಗುತ್ತದೆ.
2. ಮಲ್ಟಿಮೀಟರ್‌ನಿಂದ ಸುರುಳಿ ಕಡಿದಿಲ್ಲವೆಂದು ನೋಡಿ.
3. 1.5 ವೋಲ್ಟ್ ಸೆಲ್‌ನಿಂದ ಆರಂಭಿಸಿ, ಒಂದೊಂದೇ ಸೆಲ್ ಸೇರಿಸುತ್ತಾ ಕ್ಷಣಮಾತ್ರ ತಾಗಿಸಿ. 'ಟಕ್' ಎಂದು ಒಂದು ಹಲ್ಲು ಸರಿದರೆ ಅಷ್ಟು ಸಾಕು.
4. ಒಣಗಿದ ಎಣ್ಣೆ ತೆಗೆಯಿರಿ, ಡಯಲ್‌ಗೆ ಹೊಸ ಬಣ್ಣ ಬಳಿಯಬೇಡಿ.
5. ಒಳಗಿನದನ್ನು ಎಸೆದು ಕ್ವಾರ್ಟ್ಸ್ ಯಂತ್ರ ಕೂರಿಸಿದರೆ ಗಡಿಯಾರ ಓಡುತ್ತದೆ, ಆದರೆ ಹಳೆಯದು ಎನ್ನಲು ಏನೂ ಉಳಿಯುವುದಿಲ್ಲ.

ಉಳಿದದ್ದು, ಹೋದದ್ದು

ನಮ್ಮ ಕೆ.ಜಿ.ಎಫ್.ಗೆ ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಪಾಳಿಯ ಲೆಕ್ಕದಲ್ಲಿ ಬದುಕಿದ ಊರಿದು. 2001ರಲ್ಲಿ ಗಣಿ ಮುಚ್ಚಿತು. ಊರಿನ ಹಳೆಯ ವಸ್ತುಗಳು ಈಗಲೂ ಕಿಲೋ ಲೆಕ್ಕದಲ್ಲಿ ಹೋಗುತ್ತಿವೆ.

ಆಮೇಲೆ ಚಾಚಾ ನೆನಪಿಸಿಕೊಂಡರು: ಅದೇ ಲೋಡಿನಲ್ಲಿ ಉದ್ದನೆಯ ಮರದ ಪೆಟ್ಟಿಗೆ, ಅದರೊಳಗೆ ಲೋಲಕವೂ ಇತ್ತಂತೆ. ಹಿತ್ತಾಳೆ ಒಂದು ಕಡೆ, ಕಬ್ಬಿಣ ಒಂದು ಕಡೆ ತೂಗಿ ಮಾರಿಯಾಗಿತ್ತು. ಈಗ ನಮ್ಮ ಸ್ಲೇವ್ ಗಡಿಯಾರಕ್ಕೆ ವಿಜ್ಞಾನ ವಿಭಾಗದ ಗೆಳೆಯ ಮಾಡಿಕೊಟ್ಟ ಚಿಕ್ಕ ಸರ್ಕ್ಯೂಟೇ ಮಾಸ್ಟರ್. ಗಡಿಯಾರ ಸರಿಯಾಗಿ ನಡೆಯುತ್ತಿದೆ. ಆದರೆ ಆ ಪೆಟ್ಟಿಗೆ ಮತ್ತೆ ಬರುವುದಿಲ್ಲ.

ಸವಕಳಿ ಕಳೆದು ಪುಸ್ತಕದಲ್ಲಿ ಸೊನ್ನೆಯಾದ ವಸ್ತುವಿಗೂ ಬೆಲೆ ಇರಬಹುದು. ಬಂಗಾರಪೇಟೆಯಲ್ಲೋ ಕೆ.ಜಿ.ಎಫ್.ನಲ್ಲೋ ಎರಡೇ ತಂತಿಯ ಗಡಿಯಾರ ಕಂಡರೆ, ತಕ್ಕಡಿಗೆ ಹಾಕುವ ಮೊದಲು ಒಂದು ಮಾತು ಕೇಳಿ: "ಇದರ ಜೊತೆಗೆ ಇನ್ನೇನು ಬಂತು?"

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ