ಕಥೆ ಮುಗಿದ ಮೇಲೆ ಸುಮ್ಮನಿರುವುದು

ತಂಗಿ, ಕೊಚ್ಚಿ ಮತ್ತು ತಿರುವನಂತಪುರದ ಕನ್ನಡ ಮನೆಗಳ ಮಕ್ಕಳ ಓದುಕೂಟವನ್ನು ಇನ್ನು ಮೇಲೆ ನೀನೇ ನಡೆಸುತ್ತೀ ಎಂದು ಕೇಳಿ ತುಂಬ ಸಂತೋಷವಾಯಿತು. ಕೊಚ್ಚಿಯಲ್ಲಿ ನೌಕಾನೆಲೆ, ಶಿಪ್‌ಯಾರ್ಡ್, ಕಾಕ್ಕನಾಡಿನ ಇನ್ಫೋಪಾರ್ಕ್. ತಿರುವನಂತಪುರದಲ್ಲಿ ತುಂಬಾದ ರಾಕೆಟ್ ಕೇಂದ್ರ, ಟೆಕ್ನೋಪಾರ್ಕ್. ಕೆಲಸದ ಮೇಲೆ ಬಂದು ಬೇರು ಬಿಟ್ಟವರ ಮಕ್ಕಳು ಇವರು. ಎರಡು ಊರಿನ ನಡುವೆ ಸುಮಾರು ಇನ್ನೂರು ಕಿಲೋಮೀಟರ್ ಇರುವುದರಿಂದ ಮಕ್ಕಳು ಸೇರುವುದು ಫೋನಿನ ಪರದೆಯ ಮೇಲೆ. ಇಷ್ಟು ವರ್ಷ ಅವರ ಜೊತೆ ಕೂತವನು ನಾನು. ನನಗೆ ತಿಳಿದದ್ದನ್ನು ನಿನಗೆ ಹೇಳಿಬಿಡುತ್ತೇನೆ.

ಕಥೆ ಓದಿ ಮುಗಿಸಿದ ಕೂಡಲೇ ‘ಇದರಿಂದ ನೀವು ಏನು ಕಲಿತಿರಿ?’ ಎಂದು ಮಾತ್ರ ಕೇಳಬೇಡ. ಶಾಲೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟೂ ಕೊಟ್ಟೂ ಮಕ್ಕಳು ಪಳಗಿರುತ್ತಾರೆ. ದೊಡ್ಡವರಿಗೆ ಏನು ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅದನ್ನು ಹೇಳಿ ಬಾಯಿ ಮುಚ್ಚುತ್ತಾರೆ, ಕೂಟವೂ ಅಲ್ಲಿಗೇ ಮುಗಿಯುತ್ತದೆ.

ಆ ಪ್ರಶ್ನೆ ಕೇಳದೆ ಬಿಟ್ಟರೆ ಏನಾಗುತ್ತದೆ ನೋಡು. ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ?’ ಕಥೆ ನಿನಗೆ ನೆನಪಿರಬೇಕು. ಒಣಗಲು ಹಾಕಿದ ಸಿಗಡಿ ಒಣಗಿಲ್ಲ. ಯಾಕೆ ಎಂದು ಕೇಳಿದರೆ ಅದು ಇನ್ನೊಬ್ಬರ ಮೇಲೆ ಹಾಕುತ್ತದೆ, ಅವರು ಮತ್ತೊಬ್ಬರ ಮೇಲೆ, ಹೀಗೆ ತಪ್ಪು ಕೈಯಿಂದ ಕೈಗೆ ದಾಟುತ್ತ ಹೋಗುತ್ತದೆ. ನಮ್ಮ ಕೂಟದಲ್ಲಿ ಅದನ್ನು ಓದಿದಾಗ ಕೊಚ್ಚಿಯ ವೈಪಿನ್ ಕಡೆಯ ಒಬ್ಬಳು ಹುಡುಗಿ ಬಹಳ ಹೊತ್ತು ಯೋಚಿಸುತ್ತ ಕೂತಿದ್ದಳು. ಆಮೇಲೆ ಕೇಳಿದಳು: “ನಮ್ಮ ಮನೆ ಹತ್ತಿರ ಚಾಪೆ ಮೇಲೆ ಸಿಗಡಿ ಒಣಗಿಸ್ತಾರೆ. ಮಧ್ಯೆ ಮಧ್ಯೆ ಬಂದು ಕೈಯಾಡಿಸ್ತಾರೆ, ನೆರಳು ಬಂದ್ರೆ ಚಾಪೆ ಎಳೀತಾರೆ. ಕಥೆಯಲ್ಲಿ ಎಲ್ಲರನ್ನೂ ಕೇಳ್ತಾರೆ, ಒಣಗೋಕೆ ಹಾಕಿದವರನ್ನ ಯಾಕೆ ಯಾರೂ ಕೇಳಲ್ಲ?” ತಿರುವನಂತಪುರದಿಂದ ಒಬ್ಬ ಹುಡುಗ ತಕ್ಷಣ ಎದುರು ನಿಂತ: “ಅವರನ್ನ ಕೇಳಿದ್ರೆ ಕಥೆ ಮೊದಲನೇ ಪುಟಕ್ಕೇ ಮುಗೀತಿತ್ತು!” ನಾನು ಹೇಳಿದ್ದು ಇಷ್ಟೇ: “ಮೊದಲನೇ ಪುಟಕ್ಕೇ ಮುಗಿದಿದ್ದರೆ ನಮಗೆ ಯಾರು ಯಾರು ಸಿಗುತ್ತಿರಲಿಲ್ಲ?” ಉಳಿದ ಹೊತ್ತೆಲ್ಲ ಮಕ್ಕಳದೇ. ಕಥೆಗೆ ನ್ಯಾಯ ಮುಖ್ಯವೋ, ಸುತ್ತಾಟ ಮುಖ್ಯವೋ ಎಂದು ದೊಡ್ಡ ವಿಮರ್ಶಕರು ಮಾಡುವ ಜಗಳವನ್ನೇ ಅವರು ತಮ್ಮ ಮಾತಿನಲ್ಲಿ ಮಾಡಿದರು. ಮಂಗಳೂರಿನ ಕಡಲತಡಿಯಲ್ಲಿ ಪಾಠ ಹೇಳಿದ ಪಂಜೆಯವರು ಅದನ್ನು ಕೇಳಿದ್ದರೆ ಹಿಗ್ಗುತ್ತಿದ್ದರು ಎಂಬುದು ನನ್ನ ನಂಬಿಕೆ.

ಆ ಹುಡುಗಿ ಬಾಯಿ ಬಿಡುವ ಮುಂಚಿನ ಹೊತ್ತಿದೆಯಲ್ಲ, ಅದನ್ನು ಕಾಯುವುದೇ ನಿನ್ನ ಕೆಲಸ. ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಸುಮ್ಮನಾದರೆ ಗಾಬರಿಯಾಗಿ ನೀನೇ ಉತ್ತರ ಹೇಳಬೇಡ. ಪಕ್ಕದಲ್ಲಿ ಕೂತು ಪಿಸುಗುಟ್ಟುವ ಅಪ್ಪ-ಅಮ್ಮಂದಿರನ್ನು ಮೊದಲ ದಿನವೇ ವಿನಯದಿಂದ ಆಚೆ ಕೋಣೆಗೆ ಕಳಿಸು. ಅವರಿಗೆ ಬೇಜಾರಾದೀತು. ಆಗಲಿ.

ಭಾಷೆಯ ವಿಷಯದಲ್ಲಿ ಮೆತ್ತಗಿರು. ಕಾಸರಗೋಡಿನ ಮಕ್ಕಳಿಗೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಕೇರಳ ಸರ್ಕಾರವೇ ಅಚ್ಚು ಹಾಕಿಸುವ ಕನ್ನಡ ಪಠ್ಯಪುಸ್ತಕಗಳಿವೆ. ನಿನ್ನ ಮಕ್ಕಳಿಗೆ ಸಿಗುವ ಕನ್ನಡ ಅಡುಗೆಮನೆಯದು ಮಾತ್ರ. ಮಾತಾಡಬಲ್ಲರು, ಅನೇಕರಿಗೆ ಓದಲು ಬರುವುದಿಲ್ಲ. ಆದ್ದರಿಂದ ಕಥೆಯನ್ನು ನೀನು ಗಟ್ಟಿಯಾಗಿ ಓದಬೇಕು, ನಿಧಾನವಾಗಿ, ಸಿಟ್ಟು ಬಂದಲ್ಲಿ ಸಿಟ್ಟಿನಿಂದ. ಮಗು ಉತ್ಸಾಹದಲ್ಲಿ ಅರ್ಧ ಮಲಯಾಳಂ ಬೆರೆಸಿದರೆ ನಡುವೆ ಬಾಯಿ ಹಾಕಿ ತಿದ್ದಬೇಡ. ತಿದ್ದಿದರೆ ಕನ್ನಡ ಸರಿಹೋಗುವುದಿಲ್ಲ, ಮಾತೇ ನಿಂತುಹೋಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಒಂದೇ ಚಿತ್ರಪುಸ್ತಕ ಎಷ್ಟೋ ಸಲ ಕನ್ನಡದಲ್ಲೂ ಮಲಯಾಳಂನಲ್ಲೂ ಪುಕ್ಕಟೆ ಸಿಗುತ್ತದೆ. ಮಗು ಮಲಯಾಳಂನಲ್ಲಿ ಓದಲಿ, ತಾಯಿ ಕನ್ನಡದಲ್ಲಿ ಓದಲಿ.

ಕೂಟದ ಹೊತ್ತಿನಲ್ಲಿ ಆಚೆ ಕೋಣೆಯಲ್ಲಿದ್ದರೂ ಅಪ್ಪಂದಿರನ್ನು ಓದಿನ ಒಳಗೆ ಎಳೆಯಲು ಒಂದು ದಾರಿಯಿದೆ: ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗನ ಹೆಸರೆತ್ತು. ನಮ್ಮ ಎಷ್ಟೋ ಹಳ್ಳಿಯ ಹುಡುಗರು ಮುಗಿಬಿದ್ದು ಓದಿದ ಆ ಇಲಿ ಬಂದದ್ದು ಕೊಟ್ಟಾಯಂನ ಮಂಗಳಂ ಬಳಗದಿಂದ. ಮಲಯಾಳಂನಲ್ಲಿ ಅವನು ಡಿಂಕನ್. ಪಕ್ಕದ ಮನೆಯ ಮಲಯಾಳಿ ಅಪ್ಪನೂ ಅವನನ್ನೇ ಓದಿ ಬೆಳೆದವನು.

ಕುಂಞುಣ್ಣಿ ಮಾಸ್ತರರ ಬಗ್ಗೆ ತಿಳಿದುಕೊ. ಕೋಳಿಕ್ಕೋಡಿನಲ್ಲಿ ಮೇಷ್ಟರಾಗಿದ್ದವರು, 2006ರಲ್ಲಿ ತೀರಿಕೊಂಡರು. ಮಾತೃಭೂಮಿ ವಾರಪತ್ರಿಕೆಯ ಮಕ್ಕಳ ಅಂಕಣವನ್ನು ‘ಕುಟ್ಟೇಟ್ಟನ್’ ಎಂಬ ಹೆಸರಿನಲ್ಲಿ ನೋಡಿಕೊಂಡು, ಎಳೆಯರು ಕಳಿಸಿದ್ದನ್ನು ಓದಿ ದಾರಿ ತೋರಿದರು. ಮುಂದೆ ಹೆಸರು ಮಾಡಿದ ಬರಹಗಾರರಲ್ಲಿ ಅನೇಕರು ಆ ಪುಟದಿಂದ ಬಂದವರು. ಮಗುವಿನ ಬರಹವನ್ನು ದೊಡ್ಡವರ ಬರಹದಷ್ಟೇ ಗಂಭೀರವಾಗಿ ತೆಗೆದುಕೊಂಡದ್ದು ಅವರ ದೊಡ್ಡತನ. ನಿನಗೂ ಮಗುವೊಂದು ‘ಪುಸ್ತಕ ಬೋರು’ ಎಂದಾಗ ಅದೇ ಗೌರವ ಬೇಕು. ಗದರಬೇಡ, ಮುದ್ದಿಸಲೂ ಬೇಡ. ‘ಯಾವ ಪುಟದಿಂದ ಬೋರಾಯಿತು?’ ಎಂದು ಕೇಳು. ಪುಟ ತಿರುವಿ ತೋರಿಸುತ್ತದೆ. ಬಹಳ ಸಲ ಅದು ಹೇಳುವುದು ಸರಿಯಾಗಿಯೇ ಇರುತ್ತದೆ.

ನೋವಿನ ಪುಸ್ತಕಗಳನ್ನು ಬಚ್ಚಿಡಬೇಡ. ಶರಾವತಿಯ ಅಣೆಕಟ್ಟಿನಿಂದ ಊರು ಮುಳುಗಿದ ಜನರ ಬದುಕನ್ನು ಬರೆಯುತ್ತಲೇ ಬಂದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ. ಅದನ್ನು ಈ ಮಕ್ಕಳ ಮುಂದೆ ಇಡು. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಆಲುವಾದ ಮನೆಗಳಿಗೆ ನುಗ್ಗಿದ್ದನ್ನು ಇವರ ಮನೆಗಳಲ್ಲಿ ಇಂದಿಗೂ ಮಾತಾಡುತ್ತಾರೆ. ಇಳಿದುಹೋಗುವ ನೀರಿಗೂ ಇಳಿಯದೆ ನಿಲ್ಲುವ ನೀರಿಗೂ ಏನು ವ್ಯತ್ಯಾಸ ಎಂದು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊ. ಯಾರಾದರೂ ಅತ್ತರೆ ವಿಷಯ ಬದಲಿಸಬೇಡ.

ಜೂನ್ 19ಕ್ಕೆ ಈಗಿನಿಂದಲೇ ತಯಾರಿ ನಡೆಸು. ಹಳ್ಳಿಹಳ್ಳಿಗೆ ಗ್ರಂಥಾಲಯ ಕೊಂಡೊಯ್ದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ಆ ದಿನವನ್ನು ಕೇರಳ ಓದಿನ ದಿನವಾಗಿ ಆಚರಿಸುತ್ತದೆ. ನಿನ್ನ ಮಕ್ಕಳು ಅಂದು ಒಬ್ಬೊಬ್ಬ ಮಲಯಾಳಿ ಗೆಳೆಯನನ್ನು ಕರೆತರಲಿ. ಸಿಗಡಿಯ ಕಥೆಯನ್ನು ಕನ್ನಡದಲ್ಲಿ ಒಬ್ಬರು ಓದಲಿ, ಇನ್ನೊಬ್ಬರು ಅಲ್ಲೇ ಮಲಯಾಳಂನಲ್ಲಿ ಹೇಳುತ್ತ ಹೋಗಲಿ. ಯಾರು ಓದಬೇಕು, ಯಾರು ಹೇಳಬೇಕು ಎಂಬುದನ್ನು ಮಕ್ಕಳೇ ಆರಿಸಲಿ, ನೀನು ಆರಿಸಬೇಡ.