ದೇವರ ಕೋಣೆಯಲ್ಲೇ ಮೊದಲ ಐದು ಅಕ್ಷರ

ಮೂರು ವರ್ಷದ ಮಗು ವರ್ಣಮಾಲೆಯನ್ನು ಒಂದೇ ಉಸಿರಿಗೆ ಒಪ್ಪಿಸಿದರೆ ಮನೆಮಂದಿಗೆಲ್ಲ ಹಿಗ್ಗು. ನಡುವಿನ ಒಂದಕ್ಷರಕ್ಕೆ ಬೆರಳಿಟ್ಟು ‘ಇದೇನು?’ ಎಂದರೆ ಮಾತ್ರ ಅದು ಮತ್ತೆ ‘ಅ’ದಿಂದಲೇ ಶುರುಮಾಡುತ್ತದೆ. ಶ್ಲೋಕದ ಕಥೆಯೂ ಅಷ್ಟೆ: ಬಾಯಿಪಾಠವಾಗಿರುತ್ತದೆ, ಕೈಮುಗಿಯುವುದು ಯಾಕೆಂದು ಗೊತ್ತಿರುವುದಿಲ್ಲ. ಅಕ್ಷರವಾಗಲಿ ಭಕ್ತಿಯಾಗಲಿ, ಈ ವಯಸ್ಸಿನಲ್ಲಿ ಮೊದಲು ಕೈಗೆ ಹತ್ತಬೇಕು.

ಎಲ್ಲಿಂದ ಶುರು?

49 ಅಕ್ಷರಗಳನ್ನೂ ಸಾಲಾಗಿ ಕಲಿಸುವ ಹಟ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಕಲಿಕಾ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ, ದಸರ ಎಂದು ಪದಗಳು ಸಿಗುತ್ತವೆ. ಮನೆಯಲ್ಲೂ ಇವೇ ಸಾಕು.

ಬೇಕಾದ ಸಾಮಾನು: ಅಂಚಿರುವ ತಟ್ಟೆ, ಎರಡು ಹಿಡಿ ಅಕ್ಕಿ, ಅಕ್ಕಿಹಿಟ್ಟು, ಜೇಡಿಮಣ್ಣು ಅಥವಾ ಕಲಸಿದ ಗೋಧಿಹಿಟ್ಟು, ರಟ್ಟಿನ ಚೂರುಗಳು, ಸೀಮೆಸುಣ್ಣ.

ಹಂತ 1: ಹುಡುಕಾಟ

ರಟ್ಟಿನ ಮೇಲೆ ಒಂದಕ್ಷರ ದೊಡ್ಡದಾಗಿ ಬರೆಯಿರಿ. ‘ಗ ಅಂತ ಶುರುವಾಗೋದು ಇಲ್ಲೇನಿದೆ ಪುಟ್ಟಾ, ಹುಡುಕು ನೋಡೋಣ’ ಎಂದು ದೇವರ ಕೋಣೆಗೆ ಬಿಡಿ. ಗ ಎಂದರೆ ಗರಿಕೆ, ಸ ಎಂದರೆ ದೇವಿಯ ಸರ, ಅ ಎಂದರೆ ಅರಿಶಿನ, ದ ಎಂದರೆ ದವನ, ರ ಎಂದರೆ ಕ್ಯಾಲೆಂಡರಿನ ರಥ. ದೀಪ, ಗಂಟೆ ಸದ್ಯಕ್ಕೆ ಬೇಡ. ಗುಣಿತವಾಗಲಿ ಸೊನ್ನೆಯಾಗಲಿ ಸೇರಿದರೆ ಅಕ್ಷರದ ರೂಪ ಬದಲಾಗಿ ಮಗು ಗಲಿಬಿಲಿಗೊಳ್ಳುತ್ತದೆ. ಸಿಕ್ಕ ವಸ್ತುವಿಗೊಂದು ಕಥೆ ಇರಲಿ. ಅನಲಾಸುರನನ್ನು ನುಂಗಿ ಮೈಯೆಲ್ಲ ಉರಿ ಎದ್ದ ಗಣಪನಿಗೆ ಗರಿಕೆ ತಂಪೆರೆದ ಕಥೆ ಕೇಳಿದ ಮಗು ‘ಗ’ವನ್ನೂ ಮರೆಯದು, ಗಣಪನನ್ನೂ ಮರೆಯದು.

ಹಂತ 2: ಅಕ್ಕಿ ತಟ್ಟೆ

ವಿಜಯದಶಮಿಯ ಅಕ್ಷರಾಭ್ಯಾಸದಲ್ಲಿ ಅಕ್ಕಿಯ ಮೇಲೆ ಒಮ್ಮೆ ಬರೆಸಿ ಸುಮ್ಮನಾಗುತ್ತೇವೆ. ಅದನ್ನೇ ದಿನದ ಆಟ ಮಾಡಿಕೊಳ್ಳಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋರುಬೆರಳು ಹಿಡಿದು ತಿದ್ದಿಸಿ. ಎದುರಿಗೆ ಕೂತರೆ ಅಕ್ಷರ ತಲೆಕೆಳಗಾಗಿ ಕಾಣುತ್ತದೆ. ತಟ್ಟೆ ಅಲ್ಲಾಡಿಸಿದರೆ ತಪ್ಪೆಲ್ಲ ಮಾಯ. ಆಟ ಮುಗಿದ ಮೇಲೆ ಒಂದು ಹಿಡಿ ಅಕ್ಕಿಯನ್ನು ಮಗುವಿನ ಕೈಯಿಂದಲೇ ಗುಬ್ಬಿ, ಪಾರಿವಾಳಗಳಿಗೆ ಹಾಕಿಸಿ. ದಯೆಯ ಪಾಠಕ್ಕೆ ಬೇರೆ ಉಪದೇಶ ಬೇಕಿಲ್ಲ.

ಹಂತ 3: ರಂಗೋಲಿ

ಅಜ್ಜಿ ಮೂರು ಸಾಲು ಚುಕ್ಕಿ ಇಡಲಿ, ಮೊಮ್ಮಗು ಸೇರಿಸಲಿ. ಕನ್ನಡದ ಅಕ್ಷರಗಳೆಲ್ಲ ದುಂಡು. ಅವಕ್ಕೆ ಬೇಕಾದ ಮಣಿಕಟ್ಟಿನ ತಿರುವು ಇಲ್ಲೇ ಪಳಗುತ್ತದೆ. ಅಕ್ಕಿಹಿಟ್ಟನ್ನೇ ಬಳಸಿ, ಇರುವೆಗೂ ಊಟವಾಯಿತು.

ಹಂತ 4: ಮಣ್ಣಿನ ಅಕ್ಷರ

ಹಿಟ್ಟನ್ನೋ ಮಣ್ಣನ್ನೋ ಕೋಡುಬಳೆಗೆ ಹೊಸೆಯುವಂತೆ ಉದ್ದಕ್ಕೆ ಹೊಸೆದು ರಟ್ಟಿನ ಅಕ್ಷರದ ಮೇಲೆ ಕೂರಿಸಲಿ. ಸ, ರ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ. ಮಗು ಮಾಡಿದ ಮೊದಲ ಪದ ಅಂದಿನ ಪೂಜೆಯಲ್ಲಿ ದೇವರ ಮುಂದಿರಲಿ.

ಹಂತ 5: ಕುಂಟೆಬಿಲ್ಲೆ

ಅಂಗಳದಲ್ಲಿ ಐದು ಮನೆ ಬರೆದು ಒಂದೊಂದರಲ್ಲೂ ಒಂದಕ್ಷರ ಬರೆಯಿರಿ. ಬಿಲ್ಲೆ ಬಿದ್ದ ಮನೆಯ ಅಕ್ಷರ ಹೇಳಿ, ಅಂದು ತನಗೆ ಒಳ್ಳೆಯದು ಮಾಡಿದ ಒಬ್ಬರನ್ನು ಮಗು ನೆನೆಯಬೇಕು: ಹಾಲು ತಂದವರು, ಬಿದ್ದಾಗ ಎತ್ತಿದ ಅಕ್ಕ. ಸಂಜೆ ದೀಪ ಹಚ್ಚುವಾಗ ಆ ಹೆಸರುಗಳೇ ಪ್ರಾರ್ಥನೆ.

ಮನೆಯ ಮತ ಯಾವುದಿದ್ದರೂ ಆಟ ಇದೇ. ಕ್ರೈಸ್ತರ ಮನೆಯಲ್ಲಿ ಗೋದಲಿಯ ಬೊಂಬೆಗಳು, ಮುಸ್ಲಿಮರ ಮನೆಯಲ್ಲಿ ಇಫ್ತಾರಿಗೆ ಹಂಚುವ ಖರ್ಜೂರ ಕಥೆಗೆ ದಾರಿಯಾಗುತ್ತವೆ.

ಇವು ನೆನಪಿರಲಿ

- ದಿನಕ್ಕೆ ಹತ್ತು-ಹದಿನೈದು ನಿಮಿಷ ಸಾಕು. ಮಗು ಎದ್ದು ಹೋದರೆ ಬಿಟ್ಟುಬಿಡಿ.
- ಚಿಕ್ಕ ಮಕ್ಕಳು ಕಾಳನ್ನು ಮೂಗಿಗೆ ಹಾಕಿಕೊಳ್ಳುತ್ತವೆ. ಪಕ್ಕದಲ್ಲೇ ಇರಿ, ಹಚ್ಚಿದ ದೀಪ ಕೈಗೆಟುಕದಿರಲಿ.
- ‘ದೇವರು ಕಣ್ಣು ಕೀಳ್ತಾನೆ’ ಎಂದು ಹೆದರಿಸಬೇಡಿ.
- ದ, ಧ ಒಟ್ಟಿಗೆ ಕಲಿಸಬೇಡಿ. ಪೆನ್ಸಿಲಿಗೆ ಅವಸರವಿಲ್ಲ.

ಐದೂ ಅಕ್ಷರ ಎಲ್ಲಿ ಕಂಡರೂ ಗುರುತು ಹಿಡಿದರೆ ಜ, ವ, ಮ, ಬ, ನ ತೆಗೆದುಕೊಳ್ಳಿ. ಮಲ್ಲಿಗೆ, ಜಪಮಾಲೆ ಹೇಗೂ ಕೈಗೆ ಸಿಗುವಲ್ಲೇ ಇವೆ. ಜನ, ಮರ, ದನ, ನಗರ ಓದಲು ಬರುತ್ತವೆ.